ವಾಸಿಂ ಹೆಸರಿನಲ್ಲಿ ಬರುವ ಪತ್ರ

ಜೇಬಿನಲ್ಲಿ ಫೋನ್ ನಡುಗುತ್ತದೆ. ನಟರಾಜು ಮುಟ್ಟುವುದಿಲ್ಲ. ಹೆಗಲ ಮೇಲಿನ ಹಿಪ್ಪುನೇರಳೆ ಕಟ್ಟನ್ನು ಇಳಿಸಿ, ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ರೇಷ್ಮೆ ಹುಳುಗಳ ಮೇಲೆ ಹಗುರವಾಗಿ ಹಾಸುತ್ತಾ ಹುಳು ಸಾಕುವ ಸ್ಟ್ಯಾಂಡಿನ ತುದಿಯವರೆಗೂ ಹೋಗುತ್ತಾರೆ. ಒಂದು ಕಡ್ಡಿಯ ಬುಡ ಈ ಕಡೆ, ಮುಂದಿನದರ ಬುಡ ಆ ಕಡೆ. ಹುಳುಗಳು ಕೆಳಗಿನ ಬೋಳು ಕಡ್ಡಿಗಳನ್ನು ಬಿಟ್ಟು ಹೊಸ ಸೊಪ್ಪಿಗೆ ಹತ್ತುತ್ತವೆ. ಸ್ವಲ್ಪ ಹೊತ್ತಿಗೆ ಹುಳುಮನೆಯ ತುಂಬ ತಿನ್ನುವ ಸದ್ದು ಏಳುತ್ತದೆ. ಅದು ಎದ್ದ ಮೇಲೆ ಅವರು ಪಂಚೆಗೆ ಕೈ ಒರೆಸಿ ಫೋನ್ ತೆಗೆಯುತ್ತಾರೆ.

ಪರದೆಯ ಮೇಲೆ ಒಂದು ಹೆಸರಿದೆ: ವಾಸಿಂ. ಕೆಳಗೆ ಒಂದು ಸಾಲು. "ನಟಣ್ಣ, ಗೂಡು ತಂದಿದ್ದೀಯಾ? ಬಾ, ಟೀ ಕುಡಿಯೋಣ."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಟರಾಜು ಆ ಹೆಸರನ್ನು ಕೂಡಲೇ ಒತ್ತುವುದಿಲ್ಲ. ಒತ್ತಿದರೆ ಹೆಸರಿನ ಹಿಂದಿರುವ ನಿಜವಾದ ವಿಳಾಸ ಕಾಣುತ್ತದೆ. ಒತ್ತುವವರೆಗೆ ಅದು ಬರೀ ವಾಸಿಂ. ಕಿಟಕಿಯ ಗೋಣಿತಾಟನ್ನು ಸರಿಸುತ್ತಾರೆ, ತೆಂಗಿನ ಸಾಲಿನ ಆಚೆ ಬೈರಾಪಟ್ಟಣದ ರಸ್ತೆಯಲ್ಲಿ ಹಾಲಿನ ಗಾಡಿ ಹೋಗುವುದನ್ನು ನೋಡುತ್ತಾರೆ, ಆಮೇಲೆ ಹೆಬ್ಬೆರಳು ಇಳಿಸುತ್ತಾರೆ. ಬೀದರ್ ಕಡೆಯ ಯಾವುದೋ ಕಾಲೇಜಿನ ವಿಳಾಸ. ಕಳಿಸಿದ್ದು ಯಾರೋ ವಿದ್ಯಾರ್ಥಿ.

ನಿಂತಲ್ಲೇ ಉತ್ತರ ಬರೆಯುತ್ತಾರೆ. "ನಿಮ್ಮ ಪತ್ರ ತಲುಪಿತು. ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡಿದೆ. ಇನ್ನು ನನ್ನ ವಿಳಾಸ ತೆಗೆದು ನಿಮಗೆ ಬೇಕಾದವರ ವಿಳಾಸ ಹಾಕಿಕೊಳ್ಳಿ. ಒಳ್ಳೆಯದಾಗಲಿ."

ಬಾಗಿಲಲ್ಲಿ ಹೆಂಡತಿ ಶ್ವೇತ ಕಾಫಿ ಲೋಟ ಹಿಡಿದು ನಿಂತಿದ್ದಾರೆ. ಚಪ್ಪಲಿ ಬಿಟ್ಟು, ಕಾಲು ತೊಳೆಯದೆ ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಅಲ್ಲಿಂದಲೇ ಕೇಳುತ್ತಾರೆ.

"ಬಂತಾ ನನ್ ಸವ್ತಿ ಕಾಗ್ದ?"

"ಬಂತು."

"ಯಾವೂರಿಂದ?"

"ಬೀದರ್‌ನಿಂದ."

"ಹೋದ್ಸಲ ಹಾಸನದಾಗಿದ್ಲು. ಊರೂರು ಸುತ್ತುತಾವ್ಳೆ ಬುಡಿ. ಕಾಫಿ ಆರೋಗ್ತದೆ, ಬನ್ನಿ."

ನಟರಾಜು ನಗುತ್ತಾರೆ. ಈ ತಮಾಷೆಗೆ ವರ್ಷಗಳೇ ಆಗಿವೆ. ಇಬ್ಬರಿಗೂ ಅದು ಬೇಕು.

ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಇಮೇಲ್ ಕಳಿಸುವಂಥ ಕೆಲಸಕ್ಕೆ ಬೇರೆಯವರು ಮೊದಲೇ ಬರೆದಿಟ್ಟ ತುಣುಕುಗಳನ್ನು ಬಳಸಿಕೊಳ್ಳುತ್ತಾರೆ. ಅಂಥ ತುಣುಕುಗಳ ಕಟ್ಟಿಗೆ ಲೈಬ್ರರಿ ಎಂದು ಹೆಸರು. ಪುಣೆಯ ಇಬ್ಬರು ಗೆಳೆಯರು ಶುರು ಮಾಡಿ, ಆಮೇಲೆ ಹತ್ತಾರು ದೇಶಗಳ ಜನ ಸೇರಿ ಬಿಡುವಿನಲ್ಲಿ ಬೆಳೆಸಿದ 'ಟಪಾಲ್' ಅಂಥದ್ದೊಂದು ಲೈಬ್ರರಿ. ಅದನ್ನು ಬಳಸುವುದು ಹೇಗೆ ಎಂದು ತಿಳಿಸುವ ಕೈಪಿಡಿ ಅಂತರ್ಜಾಲದಲ್ಲಿ ಹಲವು ಭಾಷೆಗಳಲ್ಲಿದೆ. ಕನ್ನಡದಲ್ಲೂ ಇದೆ. ಕನ್ನಡದ್ದನ್ನು ಬರೆದದ್ದು, ಇಷ್ಟು ವರ್ಷ ಕಾದುಕೊಂಡು ಬಂದದ್ದು ಚನ್ನಪಟ್ಟಣ ತಾಲ್ಲೂಕಿನ ಈ ರೇಷ್ಮೆ ಬೆಳೆಗಾರ. ಸಂಬಳವಿಲ್ಲ, ಸನ್ಮಾನವಿಲ್ಲ. ಊರಿನಲ್ಲಿ ಬಹಳ ಜನಕ್ಕೆ ಗೊತ್ತೂ ಇಲ್ಲ. "ಲ್ಯಾಪ್‌ಟಾಪ್ ಇಟ್ಕೊಂಡವ್ನೆ, ಗೂಡಿನ ರೇಟು ನೋಡ್ತಾನೆ" ಎಂದುಕೊಂಡಿದ್ದಾರೆ. ನಟರಾಜು ಅವರೂ ತಿದ್ದಲು ಹೋಗಿಲ್ಲ.

ಕೈಪಿಡಿಯ ಮೊದಲ ಅಧ್ಯಾಯದ ಹೆಸರು 'ಮೊದಲ ಪತ್ರ'. ಕಲಿಯುವವರು ಅಲ್ಲಿನ ಪುಟ್ಟ ಪ್ರೋಗ್ರಾಂ ನೋಡಿ ಬರೆದು, ತಮ್ಮ ಖಾತೆಯ ವಿವರ ಹಾಕಿ, ಓಡಿಸಬೇಕು. ಪತ್ರ ಹೋದರೆ ಪಾಠ ಮುಗಿಯಿತು. ಉದಾಹರಣೆಗೆ ಅಂತ ಅಲ್ಲಿ ಕಳಿಸುವವರ ಹೆಸರಿನ ಜಾಗದಲ್ಲಿ 'ವಾಸಿಂ' ಎಂದಿದೆ. ಯಾರಿಗೆ ಎಂಬಲ್ಲಿ ನಟರಾಜು ಅವರ ಇಮೇಲ್ ವಿಳಾಸವಿದೆ. ಒಕ್ಕಣೆಯಲ್ಲಿ ಗೂಡು ಮತ್ತು ಟೀ. ಬರೆದ ಕಾಲಕ್ಕೆ ಅದೊಂದು ಹುಡುಗಾಟ. ಉದಾಹರಣೆಗೆ ನಿಜವಾದ ವಿಳಾಸ ಹಾಕಬಾರದು, ಯಾರಿಗೂ ಸೇರದ ಸುಳ್ಳು ವಿಳಾಸ ಹಾಕಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಲಿಯುವವರು ಎಲ್ಲ ಕಡೆಯೂ ಒಂದೇ. ವಿಳಾಸ ಬದಲಾಯಿಸದೆ ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಂಡು ಓಡಿಸುತ್ತಾರೆ. ಪತ್ರ ನೇರ ಬೈರಾಪಟ್ಟಣದ ಹುಳುಮನೆಗೆ ಬಂದು ಬೀಳುತ್ತದೆ.

"ಮೊದಮೊದಲು ಅಳಿಸಿ ಹಾಕ್ತಿದ್ದೆ," ಎನ್ನುತ್ತಾರೆ ನಟರಾಜು. "ಆಮೇಲೆ ಅನ್ನಿಸ್ತು, ಪಾಪ, ಅದ್ಯಾವ್ದೋ ಐಕ್ಳು ಕೂತ್ಕಂಡು ಹೋಯ್ತೋ ಇಲ್ವೋ ಅಂತ ನೋಡ್ತಿರ್ತವೆ. ಬಂತು ಅಂತ ಒಂದು ಮಾತು ಹೇಳುದ್ರೆ ನಂದೇನು ಹೋಗದು? ಅವತ್ತಿಂದ ಎಲ್ರಿಗೂ ಬರೀತೀನಿ."

ಒಂದು ಕಾಲದಲ್ಲಿ ಪರೀಕ್ಷೆ ಹತ್ತಿರ ಬಂದಾಗ ಬೆಳಿಗ್ಗೆ ಏಳುವ ಹೊತ್ತಿಗೆ ಪತ್ರಗಳು ಸಾಲುಗಟ್ಟಿರುತ್ತಿದ್ದವು. ಸೊಪ್ಪು ಹಾಕುವುದು, ಒಂದು ಉತ್ತರ, ಮತ್ತೆ ಸೊಪ್ಪು, ಮತ್ತೊಂದು ಉತ್ತರ. ಅದೇ ಪತ್ರದ ಕೊನೆಯಲ್ಲಿ ಕೆಲವರು ತಮ್ಮ ಮಾತು ಸೇರಿಸುತ್ತಾರೆ. ಕಲಬುರಗಿಯ ಹುಡುಗನೊಬ್ಬ ಕೇಳಿದ್ದ: 'ಸರ್, ಸರ್ವರ್ ಜ್ವರಕ್ಕೆ ಕೂತರೆ ಸೊಪ್ಪು ಹಾಕಬಾರದು ಎಂದು ಬರೆದಿದ್ದೀರಿ. ನನ್ನ ಕಂಪ್ಯೂಟರಿಗೆ ಯಾವ ಸೊಪ್ಪು?' ರೇಷ್ಮೆ ಹುಳು ಪೊರೆ ಬಿಡುವ ಮೊದಲು ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಈ ಕಡೆ ಅದನ್ನು ಜ್ವರ ಎನ್ನುತ್ತಾರೆ. ಆಗ ಮುಟ್ಟಬಾರದು, ತಿನ್ನಿಸಲು ಹೋಗಬಾರದು, ತಾನಾಗಿ ಏಳುವವರೆಗೆ ಕಾಯಬೇಕು. ಸರ್ವರ್ ಉತ್ತರ ಕೊಡದಿದ್ದರೆ ಮೇಲಿಂದ ಮೇಲೆ ಕಳಿಸಬೇಡಿ, ಒಸಿ ತಡೆದು ಕಳಿಸಿ ಎನ್ನುವುದಕ್ಕೆ ನಟರಾಜು ಅವರಿಗೆ ಅದಕ್ಕಿಂತ ಚೆನ್ನಾದ ಮಾತು ಹೊಳೆದಿರಲಿಲ್ಲ. ಈಗಲೂ ಆ ವಾಕ್ಯ ಹಾಗೇ ಇದೆ. ಕೆಳಗೆ ಕಲಬುರಗಿಯವರಿಗಾಗಿ ಒಂದು ಅಡಿಟಿಪ್ಪಣಿ ಸೇರಿದೆ.

ವಾಸಿಂ ಸಿಕ್ಕಿದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ಒಬ್ಬರು ಮಾರುವವರು, ಇನ್ನೊಬ್ಬರು ಕೊಳ್ಳುವವರು. ವಾಸಿಂ ಮನೆಯವರದು ಊರೊಳಗೆ ಒಂದು ಸಣ್ಣ ನೂಲು ಬಿಚ್ಚುವ ಘಟಕ. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸ. ಆಗೆಲ್ಲ ಹರಾಜು ಬಾಯಲ್ಲೇ. ವಾಸಿಂ ಕೂಗಿದ ಬೆಲೆಯೇ ಅವತ್ತು ಮೇಲಿತ್ತು. ನಟರಾಜು "ಬ್ಯಾಡ" ಅಂದರು. ಮಾರುಕಟ್ಟೆಯ ಕ್ರಮವೇ ಹಾಗೆ: ಕೂಗಿದ ಬೆಲೆ ಮನಸ್ಸಿಗೆ ಬಾರದಿದ್ದರೆ ರೈತ ಬೇಡ ಎನ್ನಬಹುದು, ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ, ಕೊಳ್ಳುವವನು ಸುಮ್ಮನೆ ಮುಂದಿನ ರಾಶಿಗೆ ಹೋಗಬೇಕು. ವಾಸಿಂ ಮುಂದೆ ಹೋಗಲಿಲ್ಲ. ಗೂಡಿನ ರಾಶಿಯೊಳಗೆ ಕೈಯಿಟ್ಟುಕೊಂಡೇ ನಿಂತು, "ಬೆಲೆ ಬೇಡ ಅಂದ್ರಿ, ಆಯ್ತು. ಟೀ ಬೇಡ ಅನ್ಬೇಡಿ ಅಣ್ಣ," ಅಂದ.

ಮಾರುಕಟ್ಟೆಯ ಗೇಟಿನ ಎದುರಿಗೆ ಸಮದ್ ಅವರ ಟೀ ಅಂಗಡಿ. ಅಲ್ಲಿ ಕೂತಾಗ ಗೊತ್ತಾಯಿತು, ಇಬ್ಬರೂ ಬಸ್ ನಿಲ್ದಾಣದ ಹತ್ತಿರದ ಒಂದೇ ಕಂಪ್ಯೂಟರ್ ತರಗತಿಗೆ ಸೇರಿದ್ದಾರೆ, ಬೇರೆ ಬೇರೆ ಹೊತ್ತಿಗೆ. ಮರುವಾರ ನಟರಾಜು ತಮ್ಮ ಹೊತ್ತು ಬದಲಾಯಿಸಿಕೊಂಡರು.

"ಅವನ ಬೆಳ್ಳು ನೋಡ್ಬೇಕಿತ್ತು ನೀವು," ಎನ್ನುತ್ತಾ ನಟರಾಜು ತಮ್ಮದೇ ಬೆರಳುಗಳನ್ನು ಮುಂದೆ ಹಿಡಿಯುತ್ತಾರೆ. "ಬಿಸಿನೀರಾಗೆ ಇದ್ದೂ ಇದ್ದೂ ಬೆಳ್ಳಗೆ ಸುಕ್ಕಾಗೋಗಿರವು. ಆ ಬೆಳ್ಳಲ್ಲಿ ಕೀಲಿ ಒತ್ತಿದ್ರೆ ಎಲ್ಲೂ ತಪ್ಪಾಗ್ತಿರ್ಲಿಲ್ಲ. ಎಳೆ ಹಿಡಿಯೋ ಕೈಯಲ್ವಾ? ನಾನು ಒಂದು ಸಾಲು ಬರಿಯಾಕೆ ಮೂರ್ಸಲ ಅಳಿಸ್ತಿದ್ದೆ. 'ನೀನು ಕನ್ನಡ ಬರಿ ನಟಣ್ಣ, ಕೋಡು ನಂಗೆ ಬುಡು' ಅನ್ನೋನು. ಹಂಗೇ ಆಯ್ತು."

ಮಾರುಕಟ್ಟೆಯ ಅಂದಂದಿನ ಬೆಲೆಯನ್ನು ಚನ್ನಪಟ್ಟಣ, ಕನಕಪುರ, ಮಾಗಡಿಯ ಸೈಬರ್ ಸೆಂಟರುಗಳಿಗೆ ಸಂಜೆಗೆ ಇಮೇಲ್ ಮಾಡುವುದು ಇಬ್ಬರ ಯೋಜನೆ. ಅಲ್ಲಿಯವರು ಅದನ್ನು ಅಚ್ಚು ತೆಗೆದು ಬಾಗಿಲಿಗೆ ಅಂಟಿಸಿದರೆ ಮರುದಿನ ಗೂಡು ತರುವವರು ನೋಡಿಕೊಂಡು ಹೊರಡಬಹುದು. ವಾಸಿಂ ಅದಕ್ಕೆ ಟಪಾಲ್ ಹುಡುಕಿದ. ಕೈಪಿಡಿ ಇಂಗ್ಲಿಷಿನಲ್ಲಿತ್ತು. ತಾವು ಅರ್ಥ ಮಾಡಿಕೊಂಡದ್ದನ್ನು ನಟರಾಜು ಕನ್ನಡದಲ್ಲಿ ಬರೆದಿಟ್ಟರು. ಅದನ್ನು ಟಪಾಲ್ ಮಂದಿಗೆ ಕಳಿಸಿದ್ದು ವಾಸಿಂ, ಹೇಳದೆ ಕೇಳದೆ. ಅವರು ಒಪ್ಪಿಕೊಂಡರು. ಅವತ್ತು ಸಮದ್ ಅಂಗಡಿಯಲ್ಲಿ ಇಬ್ಬರೂ ಬನ್ ತಿಂದರಂತೆ. ಬೆಲೆ ಕಳಿಸುವ ಕೆಲಸ ಬಹಳ ದಿನ ನಡೆಯಲಿಲ್ಲ; ಎಲ್ಲರ ಕೈಗೂ ಫೋನ್ ಬಂತು. ಕೈಪಿಡಿ ಉಳಿಯಿತು.

ಆಮೇಲೆ ವಾಸಿಂ ಮನೆಯವರ ಘಟಕ ನಿಂತಿತು. ದೊಡ್ಡ ಯಂತ್ರಗಳ ಮುಂದೆ ಸಣ್ಣ ಒಲೆಗಳು ಆರಿದ ಕಾಲ ಅದು. ಮನೆಯವರೆಲ್ಲ ಸಾಮಾನು ಕಟ್ಟಿಕೊಂಡು ಹಿಂದೂಪುರದ ಕಡೆ ಹೋದರು. ಹೋಗುವ ಹಿಂದಿನ ದಿನ ವಾಸಿಂ ಮಾರುಕಟ್ಟೆಗೆ ಬಂದಿದ್ದ, ಟೀ ಕುಡಿದಿದ್ದ, "ಹೋಗಿ ಫೋನ್ ಮಾಡ್ತೀನಿ" ಅಂದಿದ್ದ. ಮಾಡಿದ, ಕೆಲವು ಸಲ. ನಂತರ ನಂಬರು ಬದಲಾಯಿತು. ಅವನ ಇಮೇಲಿಗೆ ಬರೆದರೆ 'ಈ ವಿಳಾಸಕ್ಕೆ ತಲುಪಿಸಲಾಗಲಿಲ್ಲ' ಎಂದು ವಾಪಸು ಬರತೊಡಗಿತು. ಒಂದು ಬೆಳೆ ಗೂಡನ್ನು ನಟರಾಜು ರಾಮನಗರ ಬಿಟ್ಟು ಹಿಂದೂಪುರಕ್ಕೇ ಹಾಕಿಕೊಂಡು ಹೋದರು. ಅಲ್ಲಿ ಒಳ್ಳೆ ಬೆಲೆ ಸಿಗುತ್ತದೆ ಎಂದು ಮನೆಯಲ್ಲಿ ಹೇಳಿದ್ದರು. ಇಡೀ ದಿನ ಕೇಳಿಕೊಂಡು ತಿರುಗಿದ್ದಕ್ಕೆ, ಅವರು ಇಲ್ಲಿಂದಲೂ ಹೋಗಿ ಆಯಿತು ಅನ್ನುವ ಉತ್ತರ ಸಿಕ್ಕಿತು.

"ಒಳ್ಳೆ ಬೆಲೆಯಂತೆ," ಎಂದು ಶ್ವೇತ ಸೊಪ್ಪಿನ ಕಡ್ಡಿ ಮುರಿಯುತ್ತಾ ಹೇಳುತ್ತಾರೆ. "ಬಂದು ಮಂಕಾಗಿ ಕೂತ್ರು. ನಂಗೊತ್ತಿಲ್ವಾ? ನಾನೇನೂ ಕೇಳಕ್ಕೋಗ್ನಿಲ್ಲ."

"ಜಗ್ಳ ಆಡಿದ್ರೆ ಒಂದು ಲೆಕ್ಕ," ಎನ್ನುತ್ತಾರೆ ನಟರಾಜು. "ಜಗ್ಳಾನೇ ಆಡ್ಲಿಲ್ಲ. ಏನಂತ ಸಮಾಧಾನ ಮಾಡ್ಕಳದು?"

ಈ ಮಧ್ಯೆ ಕೈಪಿಡಿ ಹಳೆಯದಾಗುತ್ತಾ ಬಂತು. ಪ್ರೋಗ್ರಾಂ ಭಾಷೆ ಬದಲಾಯಿತು, ಟಪಾಲ್ ಬದಲಾಯಿತು, ಇಮೇಲ್ ಕಂಪನಿಗಳ ಕಟ್ಟುನಿಟ್ಟು ಬದಲಾಯಿತು. ಖಾತೆಯ ಮಾಮೂಲಿ ಪಾಸ್‌ವರ್ಡನ್ನು ಪ್ರೋಗ್ರಾಮಿನೊಳಗೆ ಬರೆದರೆ ಈಗ ಬಹಳಷ್ಟು ಕಂಪನಿಗಳು ಒಪ್ಪುವುದಿಲ್ಲ. ಅದಕ್ಕೆಂದೇ ಬೇರೆ ಪಾಸ್‌ವರ್ಡ್ ಪಡೆಯಬೇಕು. ನಟರಾಜು ಕೂತು ಒಂದೊಂದೇ ಅಧ್ಯಾಯ ತಿದ್ದಿದರು. ಲಗತ್ತು ಕಳಿಸುವುದು, ಚಿತ್ರ ಸೇರಿಸುವುದು, ಒಟ್ಟಿಗೆ ನೂರು ಜನಕ್ಕೆ ಕಳಿಸುವುದು, ಎಲ್ಲವನ್ನೂ ಬೆಳೆಗೂ ಬೆಳೆಗೂ ನಡುವೆ ಹುಳುಮನೆ ತೊಳೆದು ಸುಣ್ಣ ಹಾಕಿ ಒಣಗಲು ಬಿಟ್ಟ ದಿನಗಳಲ್ಲಿ ಹೊಸದು ಮಾಡಿದರು. 'ಮೊದಲ ಪತ್ರ'ವನ್ನು ಮಾತ್ರ ಮುಟ್ಟಲಿಲ್ಲ.

ಮುಟ್ಟದಿರಲು ಒಂದು ಕಾರಣವಿತ್ತು. ಟಪಾಲ್ ಮಂದಿ ಈಚೆಗೆ ಒಂದು ನಿಯಮ ಮಾಡಿದ್ದಾರೆ: ಇನ್ನು ಮುಂದೆ ತಿದ್ದುವ ಯಾವ ಪುಟದಲ್ಲೂ ಯಾರ ಸ್ವಂತ ಹೆಸರು, ವಿಳಾಸ, ಫೋನ್ ನಂಬರ್ ಇರಬಾರದು. ಒಂದು ಅಕ್ಷರ ತಿದ್ದಿದರೂ ಆ ಪುಟ ಹೊಸ ನಿಯಮದ ಕೆಳಗೆ ಬರುತ್ತದೆ. ತಿದ್ದದಿದ್ದರೆ ಹಾಗೇ ಇರುತ್ತದೆ, ನೆತ್ತಿಯ ಮೇಲೆ ಒಂದು ಕೆಂಪು ಪಟ್ಟಿ ಹೊತ್ತುಕೊಂಡು: 'ಈ ಪುಟ ಹಳೆಯದಾಗಿದೆ.' ತಿದ್ದಿದರೆ ವಾಸಿಂ ಹೆಸರಿನಲ್ಲಿ ಬೆಳಗಿನ ಪತ್ರ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಅಂಜಿಕೆ ಬೇರೆಯಿತ್ತು. ವಾಸಿಂ ಫೋನ್ ಕಳೆದುಕೊಂಡಿರಬಹುದು, ನಂಬರು ಮರೆತಿರಬಹುದು. ಎಂದಾದರೂ ನೆನಪಾಗಿ ಹುಡುಕಿದರೆ ನಟಣ್ಣನ ವಿಳಾಸ ಸಿಗುವ ಜಾಗ ಪ್ರಪಂಚದಲ್ಲಿ ಅದೊಂದೇ.

ಹಾಗಾಗಿ ಕೆಂಪು ಪಟ್ಟಿ ಹಾಗೇ ಇತ್ತು. ಪತ್ರಗಳು ಮಾತ್ರ ತೆಳುವಾಗುತ್ತಾ ಬಂದವು. ತಮ್ಮದೇ ಹಳೆಯ ಸರ್ವರ್ ಇಟ್ಟುಕೊಂಡ ಎಲ್ಲೋ ಕೆಲವು ಕಾಲೇಜುಗಳಿಂದ ವಾರಕ್ಕೊಂದು, ಎರಡು ವಾರಕ್ಕೊಂದು. ಉಳಿದವರ ಪ್ರೋಗ್ರಾಂ ಮೊದಲ ಪುಟದಲ್ಲೇ ಮುಗ್ಗರಿಸುತ್ತದೆ. ಎಷ್ಟು ಜನ ಮುಗ್ಗರಿಸಿದರು ಎಂದು ನಟರಾಜು ಅವರಿಗೆ ತಿಳಿಯುವ ದಾರಿಯಿರಲಿಲ್ಲ. ಹೋಗದ ಪತ್ರ ಬಂದು ಏನನ್ನೂ ಹೇಳುವುದಿಲ್ಲವಲ್ಲ.

ಬೀದರಿನ ಪತ್ರ ಬಂದ ಮರುದಿನ, ತೋಟದಲ್ಲಿ ಸೊಪ್ಪು ಕೊಯ್ಯುವಾಗ ಅವರಿಗೆ ಒಂದು ಫೋನ್ ಬರುತ್ತದೆ. ಪುಟದ ಕೊನೆಯಲ್ಲಿ, ಸಂದೇಹವಿದ್ದರೆ ಕರೆ ಮಾಡಿ ಎಂದು ಅಂದು ಹಾಕಿದ್ದ ನಂಬರು ಇನ್ನೂ ಇದೆ.

"ನಟರಾಜು ಸಾರ್ ಅವ್ರಾ? ನಾನು ನಯನಾ ಅಂತ ಸಾರ್, ಕಬ್ಬಾಳಿನೋಳು. ಕನಕಪುರದಲ್ಲಿ ಡಿಪ್ಲೊಮಾ ಓದ್ತಿದ್ದೀನಿ."

"ಹೇಳವ್ವ."

"ಮೊದಲ ಪತ್ರ ಹೋಗ್ತಾನೇ ಇಲ್ಲ ಸಾರ್. ನೀವು ಬರ್ದಂಗೇ ಬರ್ದಿದ್ದೀನಿ, ಒಂದು ಚುಕ್ಕೀನೂ ಬುಟ್ಟಿಲ್ಲ. ಪಾಸ್‌ವರ್ಡ್ ತಪ್ಪು ಅಂತ ಬತ್ತದೆ."

"ಅದು ಹಳೇದು ಕಣವ್ವ. ಆ ಪಾಸ್‌ವರ್ಡ್ ಈಗ ನಡೆಯಕಿಲ್ಲ. ಬೇರೆದು ತಗೋಬೇಕು, ಎಂಗೆ ಅಂತ ಹೇಳ್ತೀನಿ, ಬರ್ಕೊ."



"ಹಂಗಾರೆ ನಂದೇನೂ ತಪ್ಪಿರ್ಲಿಲ್ವಾ ಸಾರ್?"

"ಇಲ್ಲ ಕಣವ್ವ."

"ನಾನು ಇದ್ನೇ ಬುಟ್ಬುಡಣ ಅಂತಿದ್ದೆ. ಇಂಗ್ಲಿಷ್ನಾಗೆ ಅರ್ಥ ಆಗ್ಲಿಲ್ಲ ಅಂದ್ರೆ ಹೋಗ್ಲಿ. ಕನ್ನಡದಲ್ಲಿ ಇಷ್ಟು ಬುಡಿಸಿ ಹೇಳವ್ರೆ, ಆದ್ರೂ ಬರಾಕಿಲ್ಲ ಅಂದ್ರೆ ನಾನೇ ದಡ್ಡಿ ಅಂತ."

ನಟರಾಜು ನಿಧಾನವಾಗಿ ಹೊಸ ವಿಧಾನ ಹೇಳಿಕೊಡುತ್ತಾರೆ. ಅವಳು ಬರೆದುಕೊಳ್ಳುತ್ತಾಳೆ, ಥ್ಯಾಂಕ್ಸ್ ಹೇಳುತ್ತಾಳೆ, ಫೋನಿಡುತ್ತಾಳೆ. ಅವರು ಕುಡುಗೋಲು ಪಕ್ಕಕ್ಕಿಟ್ಟು ಬದುವಿನ ಮೇಲೆ ಕೂತುಬಿಡುತ್ತಾರೆ. ಕೊಯ್ದ ಸೊಪ್ಪು ಬಿಸಿಲಿಗೆ ಬಾಡುತ್ತಿದೆ, ಬಾಡಿದ ಸೊಪ್ಪನ್ನು ಹುಳು ಮುಟ್ಟುವುದಿಲ್ಲ. ಶ್ವೇತ ಬಂದು ನೋಡಿ, ಏನೂ ಕೇಳದೆ, ಕಟ್ಟು ಕಟ್ಟಿ ತಲೆಗೆ ಹೊತ್ತು ಹೋಗುತ್ತಾರೆ.

ಸ್ವಲ್ಪ ಹೊತ್ತಿಗೆ ನಯನಾಳ ಪತ್ರ ಬರುತ್ತದೆ. ಅವಳೂ ವಿಳಾಸ ಬದಲಾಯಿಸಿಲ್ಲ. "ನಟಣ್ಣ, ಗೂಡು ತಂದಿದ್ದೀಯಾ?"

ನಟರಾಜು ಅವಳಿಗೆ ಉತ್ತರ ಬರೆಯುತ್ತಾರೆ. ಅದು ಮುಗಿದ ಮೇಲೆ ಶಾಲಿನಿಗೆ ಬರೆಯುತ್ತಾರೆ: "ಮೊದಲ ಪುಟ ಬದಲಾಯಿಸೋಣ ಮೇಡಂ. ಈ ಬೆಳೆ ಗೂಡು ಹಾಕಲು ರಾಮನಗರಕ್ಕೆ ಬರುತ್ತೇನೆ. ಆಗುವುದಾದರೆ ಬನ್ನಿ."

ಶಾಲಿನಿ ಮಾಗಡಿ ಹತ್ತಿರದ ಕೆಂಪಾಪುರದವರು, ಮಾಗಡಿಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಾರೆ. ಟಪಾಲ್ ಕೈಪಿಡಿಯ ಭಾರತೀಯ ಭಾಷೆಗಳ ಉಸ್ತುವಾರಿ ಅವರದು, ಅದೂ ಬಿಡುವಿನ ಕೆಲಸವೇ. ನಟರಾಜು ಅವರ ಜೊತೆ ವರ್ಷಗಳಿಂದ ಪತ್ರವ್ಯವಹಾರವಿದೆ, ಮುಖ ನೋಡಿದ್ದಿಲ್ಲ. ಬರುವ ಹೊಸ ಆವೃತ್ತಿಯಲ್ಲಿ ಹಳೆಯ ವಿಧಾನ ಪೂರ್ತಿ ನಿಲ್ಲುತ್ತದೆ, ಕನ್ನಡದ ಮೊದಲ ಪುಟ ತಿದ್ದಿಕೊಡಿ ಎಂದು ಅವರು ಕೇಳಿಕೊಂಡೇ ಇದ್ದರು. ಪುಟದ ಯಜಮಾನರು ಒಪ್ಪದೆ ಬೇರೆಯವರು ಕೈಹಾಕುವ ಪದ್ಧತಿಯಿಲ್ಲ.

ಹುಳು ಹಣ್ಣಾಗಿ, ಬಿದಿರು ತಟ್ಟೆಯ ಚಂದ್ರಿಕೆಗೆ ಹತ್ತಿ, ಗೂಡು ಕಟ್ಟಿ, ಗೂಡು ಬಿಡಿಸಿದ ಮರುದಿನ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಇಬ್ಬರೂ ಎದುರಾಗುತ್ತಾರೆ. ಮುಂಗೈ ಮೇಲಿನ ರೇಷ್ಮೆ ಎಳೆಗಳನ್ನು ಉಜ್ಜಿ ತೆಗೆದು ನಟರಾಜು ಕೈ ಮುಗಿಯುತ್ತಾರೆ. ಶಾಲಿನಿ ಜಾಲರಿ ತಟ್ಟೆಯಲ್ಲಿ ಹರಡಿದ ಹಳದಿ ಗೂಡನ್ನು ಬಗ್ಗಿ ನೋಡುತ್ತಾರೆ.

"ಗೂಡು ತಂದಿದ್ದೀರಾ ಅಂತ ನಾನೂ ಒಂದು ಸಲ ಕಳಿಸಿದ್ದೆ ಸರ್. ಕಲಿಯುವಾಗ."

"ಉತ್ರ ಬರ್ದಿದ್ನಾ?"

"ಬರೆದಿದ್ರಿ. ಅದಕ್ಕೇ ಇಲ್ಲೀವರೆಗೂ ಬಂದಿದ್ದು."

ಈಗ ಹರಾಜು ಫೋನಿನಲ್ಲೇ ನಡೆಯುತ್ತದೆ. ನಟರಾಜು ಅವರ ರಾಶಿಗೆ ಬೆಲೆ ಬರುತ್ತದೆ. ಅವರು ನೋಡಿ ತಲೆಯಾಡಿಸುತ್ತಾರೆ. "ಬ್ಯಾಡ." ಸಿಬ್ಬಂದಿ ಗುರುತು ಹಾಕಿಕೊಂಡು ಮುಂದೆ ಹೋಗುತ್ತಾನೆ.

"ಯಾಕೆ ಸರ್, ಕಡಿಮೆ ಆಯ್ತಾ?"

"ಇಲ್ಲಿ ಹಂಗೆ ಕೇಳಂಗಿಲ್ಲ ಮೇಡಂ," ಎಂದು ನಗುತ್ತಾರೆ. ಎರಡನೆಯ ಸುತ್ತಿನ ಬೆಲೆಗೆ ಒಪ್ಪುತ್ತಾರೆ. ತೂಕ ಮುಗಿಸಿ ಗೇಟು ದಾಟುತ್ತಾರೆ.

ಸಮದ್ ಅವರಿಗೆ ಈಗ ಗಡ್ಡ ಪೂರ್ತಿ ಬಿಳಿ. ನಟರಾಜು ಎರಡು ಬೆರಳು ತೋರಿಸಿದ್ದನ್ನು ನೋಡಿ ಕೆಟಲ್ ಕೆಳಗಿಡುತ್ತಾರೆ. "ಎರಡಾ ನಟರಾಜಣ್ಣ? ನೀನು ಎರಡು ಹೇಳಿ ಎಷ್ಟು ವರ್ಷ ಆಯ್ತು."

"ಇವ್ರು ಮೇಷ್ಟ್ರು ಸಮದಣ್ಣ, ಮಾಗಡಿಯಿಂದ ಬಂದವ್ರೆ. ಸ್ಟ್ರಾಂಗ್ ಮಾಡು."

"ನಾನು ಯಾವತ್ತು ನೀರು ಕೊಟ್ಟಿದ್ದೀನಿ? ಕೂತ್ಕೊಳ್ಳಿ ಅಮ್ಮ."

ಟೀ ಲೋಟಗಳ ಪಕ್ಕದಲ್ಲೇ ಶಾಲಿನಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಹೊಸ ಪಾಸ್‌ವರ್ಡಿನ ವಿಧಾನವನ್ನು ನಟರಾಜು ಮನೆಯಲ್ಲೇ ಬರೆದು ತಂದಿದ್ದಾರೆ. ಅದು ಕೂಡಲೇ ಸೇರುತ್ತದೆ. ಉಳಿದದ್ದು ಎರಡು ಹೆಸರು, ಒಂದು ವಿಳಾಸ, ಒಂದು ಫೋನ್ ನಂಬರ್.

"ನಾನು ತೆಗೀಲಾ ಸರ್?"

"ನಾನೇ ತೆಗೀತೀನಿ ಕೊಡಿ."

ನಟರಾಜು ಲ್ಯಾಪ್‌ಟಾಪ್ ಎಳೆದುಕೊಳ್ಳುತ್ತಾರೆ. ನಂಬರ್ ಹೋಗುತ್ತದೆ. ತಮ್ಮ ವಿಳಾಸದ ಜಾಗದಲ್ಲಿ ಯಾರಿಗೂ ಸೇರದ ಸುಳ್ಳು ವಿಳಾಸ ಬರುತ್ತದೆ. 'ವಾಸಿಂ' ಎಂಬಲ್ಲಿಗೆ ಬಂದಾಗ ಬೆರಳು ನಿಲ್ಲುತ್ತದೆ. ಎದುರು ರಸ್ತೆಯಲ್ಲಿ ಖಾಲಿ ತಟ್ಟೆಗಳ ಗಾಡಿಯೊಂದು ಸದ್ದು ಮಾಡಿಕೊಂಡು ಹೋಗುತ್ತದೆ. ಅವರು ಒಂದೊಂದೇ ಅಕ್ಷರ ಅಳಿಸಿ, 'ಕಳಿಸುವವರ ಹೆಸರು' ಎಂದು ಬರೆಯುತ್ತಾರೆ. 'ನಟಣ್ಣ' ಕೂಡ ಹೋಗುತ್ತದೆ.

"ಒಕ್ಕಣೆ ಇರ್ಬೋದಾ ಮೇಡಂ? ಅದ್ರಾಗೆ ಇನ್ನು ಯಾರ ಹೆಸ್ರೂ ಇಲ್ಲ."

ಶಾಲಿನಿ ಓದುತ್ತಾರೆ. ಗೂಡು ತಂದಿದ್ದೀಯಾ? ಬಾ, ಟೀ ಕುಡಿಯೋಣ. "ಇರಲಿ ಸರ್."

ನಟರಾಜು ಒಪ್ಪಿಗೆಯ ಗುಂಡಿ ಒತ್ತುತ್ತಾರೆ. ಪುಟ ಒಮ್ಮೆ ಬೆಳ್ಳಗಾಗಿ ಮತ್ತೆ ಮೂಡುತ್ತದೆ. ನೆತ್ತಿಯ ಕೆಂಪು ಪಟ್ಟಿ ಇಲ್ಲ. ಕಬ್ಬಾಳಿನ ಹುಡುಗಿಯಂಥವರು ಇನ್ನು ಯಾರೂ ತಮ್ಮನ್ನು ದಡ್ಡರೆಂದುಕೊಳ್ಳಬೇಕಿಲ್ಲ.

"ನಾಳೆಯಿಂದ ನಿಮಗೆ ಪತ್ರ ಬರಲ್ಲ ಸರ್," ಶಾಲಿನಿ ಮೆಲ್ಲಗೆ ಹೇಳುತ್ತಾರೆ.

"ಹೂಂ. ಇನ್ಮೇಲೆ ವಾಸಿಂ ಅಂತ ಬಂದ್ರೆ ವಾಸಿಂದೇ."

ಟೀಯ ಮೇಲೆ ಕೆನೆ ಕಟ್ಟಿದೆ. ಶಾಲಿನಿ ಹೊಸ ಕೈಪಿಡಿಯ ಹಿನ್ನೆಲೆ ಪುಟದಲ್ಲಿ ಅವರ ಹೆಸರು ಹಾಕುವ ಮಾತೆತ್ತುತ್ತಾರೆ. ಅಲ್ಲಿ ನಿಯಮದ ಅಡ್ಡಿಯಿಲ್ಲವಂತೆ. "ಹಾಕಂಗಿದ್ರೆ ಇಬ್ರದೂ ಹಾಕಿ," ಎನ್ನುತ್ತಾರೆ ನಟರಾಜು. ಶಾಲಿನಿ ಒಪ್ಪುತ್ತಾರೆ. ಆದರೂ ಏನೋ ಹೇಳಲು ಉಳಿದವರಂತೆ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂರುತ್ತಾರೆ. ಕೊನೆಗೆ ಫೋನ್ ತೆಗೆದು, ಪರದೆ ಕೆಳಗೆ ಮಾಡಿ, ಇಬ್ಬರ ನಡುವೆ ಇಡುತ್ತಾರೆ.

"ಒಂದು ವಿಷಯ ಸರ್. ವಾಸಿಂ ಅವರ ಹೆಸರಲ್ಲಿ ಟಪಾಲ್‌ನಲ್ಲಿ ಒಂದು ಹಳೇ ಖಾತೆ ಇದೆ. ಈ ಪುಟ ಮೊದಲು ಕಳಿಸಿದ್ದು ಅದರಿಂದಲೇ. ಹೋದ ವರ್ಷ ವಾಸಿಂ ಅವರು ಆ ಖಾತೆಗೆ ಹೊಸ ಇಮೇಲ್ ವಿಳಾಸ ಹಾಕಿಕೊಂಡಿದ್ದಾರೆ. ಅದನ್ನು ನಾನು ಯಾರಿಗೂ ಕೊಡಬಾರದು. ನಿಮಗೆ ಅಂತ ತಂದಿದ್ದೀನಿ, ಇದರಲ್ಲಿದೆ."

ನಟರಾಜು ಫೋನಿನ ಬೆನ್ನನ್ನೇ ನೋಡುತ್ತಾರೆ.

"ಹೋದ್ವರ್ಷವಾ?"

"ಹೌದು."

"ಪುಟ ನೋಡವ್ನಾ?"

"ನೋಡಿರಬೇಕು ಸರ್. ಖಾತೆಯೊಳಗೆ ಹೋದ ಕೂಡಲೇ ಅದರಿಂದ ಕಳಿಸಿದ ಈ ಪುಟವೇ ಮೊದಲು ಬರುತ್ತೆ."

ಒಳಗೆ ಸಮದ್ ಹಾಲು ಉಕ್ಕದಂತೆ ಊದುತ್ತಿದ್ದಾರೆ. ನಟರಾಜು ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಡುತ್ತಾರೆ.

"ಚೆನ್ನಾಗವ್ನೆ ಅಂತಾಯ್ತು."

ಶಾಲಿನಿ ಫೋನನ್ನು ಒಂದಿಷ್ಟು ಮುಂದಕ್ಕೆ ತಳ್ಳುತ್ತಾರೆ. "ತಿರುಗಿಸಿ ನೋಡಿ ಸರ್, ಅಷ್ಟೇ."

"ಬ್ಯಾಡ."

"ಒಂದು ಸಲ ಬರೆದು ನೋಡಬಹುದಲ್ಲ."

"ಬ್ಯಾಡ ಕಣಮ್ಮ," ಎಂದು ನಟರಾಜು ಫೋನನ್ನು ಮುಟ್ಟದೆ ಎದ್ದು ಹೆಗಲ ಟವೆಲ್ ಕೊಡವುತ್ತಾರೆ. "ಅವನ ಅಡ್ರೆಸ್ ನಂಗ್ಯಾಕೆ? ನನ್ ಅಡ್ರೆಸ್ ಅವನ್ತಾವ ಐತೆ."